ಸಹಾಯ ಬೇಕು: ನಮ್ಮ ಕಾಡಲ್ಲಿ ಜಿಂಕೆ ಬೇಟೆಗೆ ಬಿಡೋದಾ, ಬೇಟೆ ಬೇಡ ಅಂತ ಬೋರ್ಡ್ ಹಾಕೋದಾ?

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ 14 ಎಕರೆ ಕಾಡಿನ ಜೊತೆ ಮನೆ ತಗೊಂಡೆವು. ಹಿಂದೆ ಬೇಲಿ ಗೀಲಿ ಏನೂ ಇಲ್ಲ, ಸೀದಾ ಗ್ರೀನ್ ಮೌಂಟನ್ ನ್ಯಾಷನಲ್ ಫಾರೆಸ್ಟ್. ಅಲ್ಲಿ ಬೇಟೆಗೆ ಅವಕಾಶ ಇದೆ, ಸರಿ. ಆದರೆ ಬೋರ್ಡ್ ಹಾಕದ ಖಾಸಗಿ ಕಾಡಿಗೂ ಯಾರು ಬೇಕಾದರೂ ಬೇಟೆಗೆ ಬರಬಹುದು, ಈ ಹಕ್ಕು ಇಲ್ಲಿನ 1777ರ ಸಂವಿಧಾನದಲ್ಲೇ ಇದೆ! ನಮ್ಮೂರಲ್ಲಿ ಜಿಂಕೆ ಹೊಡೆದರೆ ಜೈಲು, ಇಲ್ಲಿ ನವೆಂಬರ್ ಬಂತು ಅಂದ್ರೆ 16 ದಿನ ರೈಫಲ್ ಸೀಸನ್, ಕಾಡು ತುಂಬಾ ಕಿತ್ತಳೆ ಜಾಕೆಟ್ ಹಾಕಿದ ಬೇಟೆಗಾರರು.

ಮೊನ್ನೆ ನಮ್ಮ ಮೇಪಲ್ ಮರಕ್ಕೆ ಯಾರೋ ಏಣಿ, ಮೇಲೆ ಬೇಟೆಗೆ ಕಾದು ಕೂರೋಕೆ ಒಂದು ಸೀಟು ಬಿಗಿದಿದ್ದು ಕಂಡಿತು. ಪಟ್ಟಿ ತೊಗಟೆಯೊಳಗೆ ಹೂತುಹೋಗಿದೆ, ಅಂದರೆ ಹಳೇದೇ. ಇಂಥದ್ದು ಕಟ್ಟೋಕೆ ಜಾಗದ ಮಾಲೀಕರ ಒಪ್ಪಿಗೆ ಬೇಕು, ಕಟ್ಟಿದವರ ಹೆಸರು ವಿಳಾಸ ಬರೆದಿರಬೇಕು ಅಂತ ನಿಯಮ. ಇದರ ಮೇಲೆ ಏನೂ ಇಲ್ಲ. ಬಿಚ್ಚಿ ಇಳಿಸಲಾ, ಚೀಟಿ ಅಂಟಿಸಿ ಕಾಯಲಾ, ಬೇಟೆ ನಿಯಮ ನೋಡಿಕೊಳ್ಳೋ ವಾರ್ಡನ್‌ಗೆ ಹೇಳಲಾ?

ಪಕ್ಕದ ಮನೆ ಅಜ್ಜ ಚಿಕ್ಕಂದಿನಿಂದ ಇಲ್ಲೇ ಬೇಟೆಯಾಡಿದವರು, ಈಗಲೂ ಬಾಗಿಲು ತಟ್ಟಿ ಕೇಳಿಯೇ ಹೋಗ್ತಾರೆ. ಅವರಿಗೆ ಬೇಡ ಅನ್ನೋಕೆ ಮನಸ್ಸಿಲ್ಲ, ಗುರುತಿಲ್ಲದವರು ಮಾತ್ರ ಬೇಡ, ಯಾಕಂದ್ರೆ ಮಗಳು ನಾಯಿ ಕರ್ಕೊಂಡು ಅದೇ ದಾರೀಲಿ ಓಡಾಡ್ತಾಳೆ. ಬೋರ್ಡ್ ಅಂದ್ರೆ 400 ಅಡಿಗೊಂದು ಹೊಡೀಬೇಕು, ಪ್ರತಿ ವರ್ಷ ತಾರೀಖು ಹಾಕಿ ಟೌನ್ ಕ್ಲರ್ಕ್ ಹತ್ತಿರ 5 ಡಾಲರ್ ಕಟ್ಟಿ ಬರೆಸಬೇಕು. ಬೋರ್ಡ್ ಹಾಕಿದ ಮೇಲೆ ಊರವರು ಮುಖ ತಿರುಗಿಸಿದರಾ? ಅಜ್ಜನಿಗೆ ಒಪ್ಪಿಗೆ ಬರೆದುಕೊಡಬೇಕಾ, ಬಾಯಿಮಾತು ಸಾಕಾ? ವರ್ಮಾಂಟ್, ಮೇನ್ ರಾಜ್ಯಗಳ ಕಡೆ ಜಾಗ ಇರೋರು ದಯವಿಟ್ಟು ಹೇಳಿ. ಸೀಸನ್‌ಗೆ ಮೂರೇ ವಾರ ಇದೆ.