ಪದ ಬೇಕಿತ್ತು: ಬ್ಯಾಕ್ಟೀರಿಯಾದ ‘ಸ್ಟ್ರೇನ್‌’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಹೊಟ್ಟೆಹುಣ್ಣಿನ ರೋಗಿಗಳಿಗೆ ಕೊಡುವ ಕರಪತ್ರವನ್ನು ಅನುವಾದಿಸುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ಹುಣ್ಣು ತರುವ ಬ್ಯಾಕ್ಟೀರಿಯಾದ ಬಗ್ಗೆ ಸಿಕ್ಕಿಕೊಂಡಿರುವ ವಾಕ್ಯ ಇದು: ‘ಹೆಲಿಕೋಬ್ಯಾಕ್ಟರ್ ಪೈಲೋರಿ ಇದ್ದವರಿಗೆಲ್ಲ ಹುಣ್ಣಾಗುವುದಿಲ್ಲ; ಒಳಗಿರುವುದು ಯಾವ ____ ಎಂಬುದೂ ಮುಖ್ಯ.’ ‘ಪ್ರಭೇದ’ ಬೇಡ, ಪೈಲೋರಿಯೇ ಒಂದು ಪ್ರಭೇದ; ಸ್ಟ್ರೇನ್ ಅಂದರೆ ಅದರೊಳಗಿನ ಬೇರೆ ಬೇರೆ ಬಗೆ. ‘ರೂಪಾಂತರಿ’ ಅಂದರೆ ಜನ ಕೋವಿಡ್ ಅಂದುಕೊಳ್ಳುತ್ತಾರೆ. ದಯವಿಟ್ಟು ಇವತ್ತೇ ತಿಳಿಸಿ.

ಉತ್ತರ 1
ತಳಿ. ಇದರಲ್ಲಿ ಚರ್ಚೆಗೇನಿದೆ? ತಳಿ, ತಳಿರು ಎರಡರ ಬೇರೂ ಒಂದೇ ಎಂಬುದು ನನ್ನ ವಾದ. ಒಂದೇ ಬುಡದಲ್ಲಿ ಚಿಗುರಿ ಬೇರೆ ಬೇರೆ ಗುಣ ಪಡೆದದ್ದು ತಳಿ. ಪೈಲೋರಿಯ ಕೆಲವು ತಳಿಗಳಲ್ಲಿ ಕ್ಯಾಗ್‌ಎ ಎಂಬ ಜೀನ್ ಇರುತ್ತದೆ. ಅದರಿಂದಾಗುವ ಪ್ರೋಟೀನನ್ನು ಅವು ಸೂಜಿಯಂಥ ರಚನೆಯಿಂದ ಜಠರದ ಒಳಪದರದ ಕೋಶಗಳಿಗೆ ಚುಚ್ಚುತ್ತವೆ. ಉರಿಯೂತ ಜಾಸ್ತಿಯಾಗುತ್ತದೆ, ಹುಣ್ಣು ಮತ್ತು ಕ್ಯಾನ್ಸರಿನ ಅಪಾಯವೂ ಏರುತ್ತದೆ. ಆ ಜೀನ್ ಇಲ್ಲದ ತಳಿಗಳ ಕಾಟ ಕಡಿಮೆ. ಕರುಳಿನ ಬ್ಯಾಕ್ಟೀರಿಯಾ ಇ. ಕೋಲೈ ನೋಡಿ: ಕೆ-12 ಪ್ರಯೋಗಾಲಯಗಳಲ್ಲಿ ದಿನಾ ಬಳಸುವ ನಿರಪಾಯದ ತಳಿ, ಅದರದೇ ಇನ್ನೊಂದು ತಳಿ ಒ157:ಎಚ್7 ರಕ್ತಭೇದಿ ತರುತ್ತದೆ, ಮೂತ್ರಪಿಂಡವನ್ನೂ ಕೆಡಿಸಬಹುದು. ಬೇಕಾದರೆ ‘ಕೆಟ್ಟ ತಳಿ’ ಎಂದೇ ಬರೆಯಿರಿ.

ಉತ್ತರ 2
ಒಪ್ಪುವುದಿಲ್ಲ. ತಳಿ ಅಂದರೆ ಮನುಷ್ಯ ಆಯ್ದು ಬೆಳೆಸಿದ್ದು: ದನದ ತಳಿ, ಬೆಳೆಯ ತಳಿ. ಪೈಲೋರಿಯನ್ನು ಯಾರು ಸಾಕಿದರು? ‘ಸ್ಟ್ರೇನ್’ ಎಂದೇ ಇರಲಿ. ಬ್ಯಾಕ್ಟೀರಿಯಾ, ಕ್ಯಾನ್ಸರ್, ಜೀನ್ ಎಲ್ಲ ಹಾಗೇ ಬಂದಿವೆಯಲ್ಲ. ತಳಿರಿನ ಕಥೆ ಕರಪತ್ರಕ್ಕೆ ಬೇಕಿಲ್ಲ.

ಉತ್ತರ 1
ಸಾಕಿದ್ದೇ ಆಗಬೇಕೆಂದು ಯಾರು ಹೇಳಿದರು? ಬ್ಯಾಕ್ಟೀರಿಯಾ ಎಂಬ ಪದ ತಂದದ್ದು ನಮ್ಮಲ್ಲಿ ಇರಲಿಲ್ಲ ಅಂತ. ಇರುವ ಪದ ಬಿಟ್ಟು ಎರವಲು ತರುವುದು ಸೋಮಾರಿತನ. ಸ್ಟ್ರೇನ್ ಅಂದರೆ ಜನಕ್ಕೆ ಮೊದಲು ಹೊಳೆಯುವುದು ಕಣ್ಣಿಗಾಗುವ ಆಯಾಸ, ಅಲ್ವಾ?

ಉತ್ತರ 2
ಎರವಲು ಬೇಡವೆನ್ನುವವರು ‘ಜಠರ’ ಎಂದು ಹೇಗೆ ಬರೆದಿರಿ? ಅದು ಸಂಸ್ಕೃತ.

ಕೇಳಿದವರು
ಇಬ್ಬರಿಗೂ ಧನ್ಯವಾದ. ‘ತಳಿ’ ಹಾಕುತ್ತೇನೆ. ಕಣ್ಣಿನ ಮಾತು ಸರಿಯಾಗಿದೆ. ಆದರೆ ‘ಕೆಟ್ಟ ತಳಿ’ ಹಾಕುವುದಿಲ್ಲ. ನನ್ನೊಳಗಿರುವುದು ಒಳ್ಳೆಯ ತಳಿ ಅಂದುಕೊಂಡು ಯಾರಾದರೂ ಮಾತ್ರೆ ಬಿಟ್ಟರೆ ಕಷ್ಟ. ತಳಿ ಯಾವುದಾದರೂ ವೈದ್ಯರು ಬರೆದ ಮಾತ್ರೆಗಳನ್ನು ಪೂರ್ತಿ ಮುಗಿಸಲೇಬೇಕು. ಇನ್ನೊಂದು: ‘ಉರಿಯೂತ’ ಜನಕ್ಕೆ ತಿಳಿಯುತ್ತದಾ, ‘ಬಾವು’ ಸಾಕಾ?

ಉತ್ತರ 1
ಬಾವು ಅಂದರೆ ಬರೀ ಊತ. ಉರಿಯೂತವೇ ಇರಲಿ.