ಪದ ಬೇಕಿತ್ತು: ಇಂಜಿನ್ ಬದಲಾಯಿಸಿದ ಮೇಲಿನ ‘ಹೈ ಐಡಲ್’ಗೆ ಏನಂತ ಬರೆಯೋದು?

ಎಲ್ರಿಗೂ ನಮಸ್ಕಾರ, ಸ್ವಲ್ಪ ಅರ್ಜೆಂಟು. ವರ್ಕ್‌ಶಾಪ್ ಗೋಡೆಗೆ ಹಾಕೋ ಚಾರ್ಟ್ ಒಂದನ್ನ ಕನ್ನಡಕ್ಕೆ ಮಾಡ್ತಿದೀನಿ, ಸಂಜೆಯೊಳಗೆ ಡಿಟಿಪಿಗೆ ಹೋಗ್ಬೇಕು. ವಿಷಯ ಏನಂದ್ರೆ ಗಾಡಿಗೆ ಬೇರೆ ಇಂಜಿನ್ ಕೂರಿಸಿದಾರೆ, ಆಕ್ಸಿಲರೇಟರ್ ಮೇಲೆ ಕಾಲೇ ಇಟ್ಟಿಲ್ಲ, ಆದ್ರೂ ಇಂಜಿನ್ ಕಿರುಚ್ತಾನೇ ಇದೆ. ಪೆಟ್ರೋಲ್ ಕಾರಲ್ಲಿ ಬಿಸಿಯಾದ ಮೇಲೆ ಸುಮಾರು 700-900 ಆರ್‌ಪಿಎಂಗೆ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದು) ಇಳೀಬೇಕು, ಇದು 2000 ಬಿಟ್ಟು ಕೆಳಗೆ ಬರಲ್ಲ. ಹಳೇ ಕರಡಲ್ಲಿ ಯಾರೋ ‘ನಿಷ್ಕ್ರಿಯ ವೇಗ ಅಧಿಕ’ ಅಂತ ಬರೆದಿದಾರೆ. ಜೊತೆಗೆ ‘ವ್ಯಾಕ್ಯೂಮ್ ಲೀಕ್’, ‘ಹಂಟಿಂಗ್’ ಎರಡಕ್ಕೂ ಪದ ಬೇಕು.

---

> ನಿಷ್ಕ್ರಿಯ ವೇಗ ಅಧಿಕ

ದಯವಿಟ್ಟು ಬೇಡ ಮೇಡಂ. ನಿಷ್ಕ್ರಿಯ ಅಂದ್ಮೇಲೆ ವೇಗ ಎಲ್ಲಿಂದ ಬಂತು? ಮೆಕ್ಯಾನಿಕ್‌ಗಳು ‘ರೇಸ್ ಜಾಸ್ತಿ’ ಅಂತಾರೆ, ಅದನ್ನೇ ಹಾಕಿ, ಮುಗೀತು.

---

ಮುಗೀಲಿಲ್ಲ ಸಾರ್. ಕಾಲಲ್ಲಿ ಒತ್ತಿದ್ರೂ ‘ರೇಸ್ ಕೊಟ್ಟ’ ಅಂತಾನೇ ಹೇಳೋದು. ಇಲ್ಲಿ ಕಾಲು ತೆಗೆದಾಗಿನ ಸ್ಥಿತಿ ಗೊತ್ತಾಗ್ಬೇಕು, ಯಾಕಂದ್ರೆ ಪೆಡಲ್ ಬಿಟ್ಟ ಮೇಲೆ ಆರ್‌ಪಿಎಂ ಮುಳ್ಳು ಮೇಲೇ ನಿಂತ್ರೆ ಒಂದು ರೋಗ, ಹತ್ತಿ ಇಳಿದು ಹತ್ತಿ ಇಳಿದು ಮಾಡಿದ್ರೆ ಬೇರೆ ರೋಗ, ಹುಡುಕೋ ಜಾಗಾನೂ ಬೇರೆ. ಹತ್ತಿ ಇಳಿಯೋದೇ ಹಂಟಿಂಗ್. ‘ಹೊಯ್ದಾಟ’ ಅನ್ನಿ, ಚೆನ್ನಾಗಿ ಕೂರುತ್ತೆ.

---

ಐಡಲ್ ಪದದ ಬೇರನ್ನ ಯಾರೂ ನೋಡ್ಲಿಲ್ಲ. ಹಳೇ ಇಂಗ್ಲಿಷಲ್ಲಿ ಅದಕ್ಕೆ ‘ಖಾಲಿ’ ಅನ್ನೋ ಅರ್ಥ ಇತ್ತು, ಸೋಮಾರಿತನ ಎಲ್ಲ ಆಮೇಲೆ ಅಂಟಿಕೊಂಡಿದ್ದು. ನಮ್ಮ ‘ಬರಿದು’ ಅದೇ ದಾರಿ ಹಿಡಿದಿದೆ ನೋಡಿ: ಬರಿದು ಅಂದ್ರೆ ಖಾಲಿ, ಬರಿದೇ ಅಂದ್ರೆ ಸುಮ್ಮನೆ, ವ್ಯರ್ಥವಾಗಿ. ಆದ್ದರಿಂದ ಐಡ್ಲಿಂಗ್ = ಬರಿದೋಟ. ವ್ಯಾಕ್ಯೂಮ್‌ಗೂ ಬರಿದು ಸಾಕು, ನಿರ್ವಾತದ ಗೊಡವೆ ಬೇಡ. ಸಂಸ್ಕೃತಕ್ಕೂ ಇಂಗ್ಲಿಷಿಗೂ ಕೈ ಚಾಚದೆ ಕೆಲಸ ಆಗುತ್ತೆ.

---

ಅಂದ್ರೆ ಚಾರ್ಟಲ್ಲಿ ಬರೋದು: ‘ಬರಿದು ಸೋರಿ ಬರಿದೋಟ ಹೆಚ್ಚಿದೆ’. ಓದಿದೋನು ಪೆಟ್ರೋಲ್ ಟ್ಯಾಂಕ್ ಮುಚ್ಚಳ ತೆಗೆದು ನೋಡ್ತಾನೆ ಖಾಲಿ ಆಯ್ತಾ ಅಂತ.

---

ಬರಿದು ಅಲ್ಲ, ತಪ್ಪಿರೋದು ‘ಸೋರು’ ಅನ್ನೋದ್ರಲ್ಲಿ. ಸೋರೋದು ಒಳಗಿಂದ ಹೊರಗೆ. ಇಲ್ಲಿ ಏನೂ ಹೊರಗೆ ಹೋಗಲ್ಲ, ಗಾಳಿಯ ದಾರಿ ತಡೆಯೋ ಥ್ರಾಟಲ್ ತಟ್ಟೆ ಮುಚ್ಚಿದ್ರೂ ಪಕ್ಕದ ಸಂದಿಯಿಂದ ಗಾಳಿ ಒಳಕ್ಕೆ ನುಗ್ಗುತ್ತೆ, ಮ್ಯಾಪ್ ಸೆನ್ಸರ್ (ಇಂಟೇಕ್ ಒಳಗಿನ ಗಾಳಿಯ ಒತ್ತಡ ಅಳೆಯೋದು) ಇರೋ ಇಂಜಿನ್ ಆದ್ರೆ ಆ ಗಾಳಿಗೆ ತಕ್ಕಂಗೆ ಪೆಟ್ರೋಲನ್ನೂ ಸುರಿಯುತ್ತೆ, ಅದಕ್ಕೇ ಆರ್‌ಪಿಎಂ ಏರೋದು. ನಾನಾದ್ರೆ ‘ಕಳ್ಳಗಾಳಿ’ ಅಂತೀನಿ, ಕಳ್ಳದಾರಿ ಇದ್ದಂಗೆ. ಇಂಜಿನ್ ಇಳಿಸಿ ಹತ್ತಿಸುವಾಗ ಹೋಸ್ ಒಂದು ಮರೆತು ಬಿಟ್ಟಿರೋದು, ಇಂಟೇಕ್ ಗ್ಯಾಸ್ಕೆಟ್ ಮಡಚಿಕೊಂಡಿರೋದು, ಇವೇ ಜಾಸ್ತಿ. ಬ್ರೇಕ್ ಬೂಸ್ಟರ್‌ಗೆ (ಇಂಜಿನ್ ಎಳೆತದಿಂದ ಬ್ರೇಕ್‌ಗೆ ಬಲ ಕೊಡೋದು) ಹೋಗೋ ಹೋಸನ್ನ ಬಟ್ಟೆ ಸುತ್ತಿ ಇಕ್ಕಳದಲ್ಲಿ ಅಮುಕಿ ನೋಡಿ, ಸದ್ದು ತಟ್ಟನೆ ಇಳಿದ್ರೆ ಕಳ್ಳ ಆ ಕಡೆನೇ ಇದಾನೆ.

---

ಕಳ್ಳಗಾಳಿ ಒಪ್ಪಿದೆ. ಆದ್ರೆ ಐಡಲ್‌ಗೆ ‘ಖಾಲಿ ಓಟ’ ಸಾಕಲ್ವಾ, ಬರಿದೋಟ ಯಾರ ಬಾಯಲ್ಲೂ ಇಲ್ಲ.

---

ಖಾಲಿ ಅರಬ್ಬಿ.

---

ಜಾಸ್ತಿಯೂ ಹೊರಗಿಂದಾನೇ ಬಂದಿದ್ದು, ಮೇಸ್ತ್ರಿ ಪೋರ್ಚುಗೀಸು, ಚಾವಿನೂ ಪೋರ್ಚುಗೀಸು. ತಾವು ಗಾಡಿ ಸ್ಟಾರ್ಟ್ ಮಾಡೋದಾದ್ರೂ ಹೇಗೆ? ಬಸ್ಸು ಕಾರು ಅಂತ ಕೊನೆಗೆ ಉಕಾರ ಹಚ್ಚಿದ ದಿನವೇ ಅವು ನಮ್ಮವಾದ್ವು. ಐಡಲ್‌ನೂ ಹಂಗೇ ಬಿಟ್ಬಿಡಿ.

---

ಹಚ್ಚಿ ನೋಡೋಣ. ‘ಐಡಲ್ಲು’. ಹಲ್ಲಿನ ಡಾಕ್ಟರ್ ಬೋರ್ಡ್ ಥರ ಇದೆ. ಎಲ್ಲಾನೂ ‘ಹಂಗೇ ಬಿಟ್ಬಿಡಿ’ ಅನ್ನೋರು ಪದಚರ್ಚೆಗೆ ಬರೋದಾದ್ರೂ ಯಾಕೋ.

---

ಯಂತ್ರ ಅನ್ನೋದರ ಧಾತು ‘ಯಮ್’, ಹಿಡಿತದಲ್ಲಿಡೋದು ಅಂತ. ಹಿಡಿತಕ್ಕೆ ಸಿಗದ ಇಂಜಿನ್ನಿಗೆ ‘ಅಯಂತ್ರಿತ’ ಅನ್ನಬಹುದು.

---

ಡೀಸೆಲ್ ಇಂಜಿನ್ ಕೀ ತೆಗೆದ್ರೂ ನಿಲ್ಲದೆ ತನ್ನ ಆಯಿಲ್ ತಾನೇ ಸುಟ್ಕೊಂಡು ಓಡುತ್ತಲ್ಲ, ಅದಕ್ಕೆ ಇಟ್ಕೊಳ್ಳಿ. ಇದಕ್ಕೆ ಬೇಡ.

---

ಎಲ್ರಿಗೂ ಥ್ಯಾಂಕ್ಸ್, ಡಿಟಿಪಿಯವ್ರು ಫೋನ್ ಮೇಲೆ ಫೋನ್ ಮಾಡ್ತಿದಾರೆ. ಹೀಗೆ ಕಳಿಸ್ತಿದೀನಿ:

‘ಪೆಡಲ್ ಬಿಟ್ಟರೂ ಆರ್‌ಪಿಎಂ ಇಳಿಯುತ್ತಿಲ್ಲವೇ? ಮೊದಲು ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿದೆಯೇ ನೋಡಿ. ಹಳೆ ಬ್ರಾಕೆಟ್‌ಗೆ ಹೊಸ ಥ್ರಾಟಲ್ ಹೊಂದದಿದ್ದರೆ ತಟ್ಟೆ ಪೂರ್ತಿ ಮುಚ್ಚುವುದಿಲ್ಲ. ನಂತರ ಕಳ್ಳಗಾಳಿ ಹುಡುಕಿ. ಆಮೇಲೆ ಕೂಲೆಂಟ್ ಸೆನ್ಸರ್: ಇಂಜಿನ್ ಇನ್ನೂ ತಣ್ಣಗಿದೆ ಎಂದು ಇಸಿಯುಗೆ (ಇಂಜಿನ್ ಕಂಪ್ಯೂಟರ್) ತಪ್ಪು ರೀಡಿಂಗ್ ಹೋಗುತ್ತಿರಬಹುದು. ಆರ್‌ಪಿಎಂ ಹೊಯ್ದಾಡುತ್ತಿದ್ದರೆ ಐಡಲ್ ವಾಲ್ವ್ (ಪೆಡಲ್ ಬಿಟ್ಟಾಗ ಇಂಜಿನ್‌ಗೆ ಗಾಳಿ ಬಿಡುವ ಕವಾಟ) ಕ್ಲೀನ್ ಮಾಡಿ.’

---

ಐಡಲ್ ವಾಲ್ವ್ ಹಂಗೇ ಉಳೀತಲ್ಲ ಮೇಡಂ. ಬರಿದೋಟದ ಕವಾಟ.

---

ಆ ಹೆಸರಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡೀಲಿ ಕೇಳಿ, ಕೊಟ್ರೆ ತಿಳಿಸಿ.