ಆ ವಿಡಿಯೋ ತೆಗೆಯಿರಿ ಚಿಕ್ಕಪ್ಪ

(ಮನೆಯವರ ಗುಂಪು, ಭಾನುವಾರ ಸಂಜೆ)

ಕುಂಬಳೆ ಚಿಕ್ಕಪ್ಪ: ಮೇಲಿನ ವಿಡಿಯೋ ನೋಡಿ. ಪೇಟೆಯ ಅಂಗಡಿಯಲ್ಲಿ ಮೊಬೈಲ್ ಎಗರಿಸಿದವ ಸಿಕ್ಕಿಬಿದ್ದಿದ್ದಾನೆ. ಮುಖ ಸರಿಯಾಗಿ ನೋಡಿಟ್ಟುಕೊಳ್ಳಿ. ಎಲ್ಲರಿಗೂ ಕಳಿಸಿ.

ಅತ್ತೆ: ಛೆ, ಇಷ್ಟು ಸಣ್ಣ ಪ್ರಾಯದಲ್ಲೇ! ಸುಮ್ನೆ ಬಿಟ್ಟರೆ ನಾಳೆ ಮನೆಗೇ ನುಗ್ಗುತ್ತಾರೆ.

ನಾನು: ಚಿಕ್ಕಪ್ಪ, ದಯವಿಟ್ಟು ಇದನ್ನು ಈಗಲೇ ಡಿಲೀಟ್ ಮಾಡಿ. ಹುಡುಗನಿಗೆ ಹೆಚ್ಚೆಂದರೆ 13 ವರ್ಷ ಇರಬಹುದು. ಕೈ ಕಟ್ಟಿದ್ದಾರೆ, ಒಬ್ಬ ಗಲ್ಲ ಹಿಡಿದು ಮುಖವನ್ನು ಕ್ಯಾಮೆರಾದ ಕಡೆ ತಿರುಗಿಸುತ್ತಿದ್ದಾನೆ, ಅಂಗಿಯ ಮೇಲಿನ ಶಾಲೆಯ ಬ್ಯಾಡ್ಜ್ ಕೂಡ ಓದಲಿಕ್ಕೆ ಆಗುತ್ತದೆ. ಕೊನೆಗೆ ಅವನು ‘ಅಪ್ಪೆಡ ಪನೊಡ್ಚಿ’ (ಅಮ್ಮನಿಗೆ ಹೇಳಬೇಡಿ) ಅಂತ ತುಳುವಿನಲ್ಲಿ ಅಳುವುದು ಕೇಳಿಸಿತಾ ನಿಮಗೆ?

ಕುಂಬಳೆ ಚಿಕ್ಕಪ್ಪ: ಕದಿಯುವಾಗ ಅಮ್ಮನ ನೆನಪು ಇರಲಿಲ್ವಾ ಮಾರಾಯ್ತಿ? ಕಳ್ಳನಿಗೆ ಎಂತ ಹಕ್ಕು?

ನಾನು: ಕದ್ದನಾ ಇಲ್ಲವಾ ಅಂತ ತೀರ್ಮಾನ ಮಾಡಬೇಕಾದವರು ನಾವಲ್ಲ. ಅಂಗಡಿಯವರು ದೂರು ಕೊಡಲಿ, ನಾನು ಬೇಡ ಅನ್ನುವುದಿಲ್ಲ. ಆದರೆ 18 ತುಂಬದವರು ಕೇಸಿನಲ್ಲಿ ಸಿಕ್ಕಿದರೆ ಅವರ ಮುಖ, ಹೆಸರು, ಶಾಲೆ ಯಾವುದನ್ನೂ ಹೀಗೆ ಹಂಚುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಓದಿ. ಪತ್ರಿಕೆ, ಟಿವಿ ಅಂತ ಹೇಳಿ ನಿಲ್ಲಿಸಿಲ್ಲ, ಬೇರೆ ಬಗೆಯ ಮಾಧ್ಯಮಗಳನ್ನೂ ಸೇರಿಸಿದ್ದಾರೆ. 6 ತಿಂಗಳ ತನಕ ಜೈಲು, ಇಲ್ಲವೇ 2 ಲಕ್ಷ ರೂಪಾಯಿ ತನಕ ದಂಡ, ಎರಡೂ ಆಗಬಹುದು.

ಜೈಲಿಗೆ ಹೆದರಿಸಲಿಕ್ಕೆ ಇದನ್ನು ಹೇಳುತ್ತಿಲ್ಲ. ಅದೇ ಕಾಯ್ದೆ ಇನ್ನೊಂದು ಮಾತು ಹೇಳುತ್ತದೆ. ಇಂಥ ಪ್ರಕರಣದಲ್ಲಿ ತಪ್ಪು ಸಾಬೀತಾದರೂ ಮುಂದೆ ಅವನ ಓದಿಗೆ, ಕೆಲಸಕ್ಕೆ ಅದು ಅಡ್ಡ ಬರಬಾರದು. ಅಪೀಲಿನ ಅವಧಿ ಮುಗಿದ ಮೇಲೆ ದಾಖಲೆಯನ್ನೇ ನಾಶ ಮಾಡಬೇಕು. ಪೊಲೀಸರು ಕ್ಯಾರೆಕ್ಟರ್ ಸರ್ಟಿಫಿಕೇಟ್ ಕೊಡುವಾಗಲೂ ಅದನ್ನು ಎತ್ತುವಂತಿಲ್ಲ. ಸರ್ಕಾರವೇ ಅಳಿಸಿಹಾಕಬೇಕಾದ್ದನ್ನು ನಾವು ಹತ್ತಾರು ಗುಂಪುಗಳಲ್ಲಿ ಉಳಿಸಿಡುವುದು ಯಾವ ನ್ಯಾಯ? 25ನೇ ವಯಸ್ಸಿನಲ್ಲಿ ಹೆಣ್ಣು ನೋಡಲು ಹೋದ ಮನೆಯಲ್ಲಿ ಯಾರೋ ಈ ವಿಡಿಯೋ ತೆಗೆದು ತೋರಿಸಿದರೆ ಅವನು ಎಲ್ಲಿಗೆ ಹೋಗಬೇಕು?

ದೊಡ್ಡಪ್ಪ: ನಮ್ಮ ಕಾಲದಲ್ಲಿ ಮಾಷ್ಟ್ರು ಬೆತ್ತದಲ್ಲಿ ಬಾರಿಸುತ್ತಿದ್ದರು. ನಾವು ಹಾಳಾಗಿದ್ದೇವಾ? ಮತ್ತೆ, ಈಗ 16 ದಾಟಿದವರನ್ನು ದೊಡ್ಡವರ ಹಾಗೆಯೇ ವಿಚಾರಣೆ ಮಾಡುತ್ತಾರಂತಲ್ಲ?

ನಾನು: ಅದು ಘೋರ ಅಪರಾಧಕ್ಕೆ ಮಾತ್ರ ದೊಡ್ಡಪ್ಪ, ಕನಿಷ್ಠ 7 ವರ್ಷ ಶಿಕ್ಷೆ ಇರುವಂಥದ್ದಕ್ಕೆ. ಅದೂ ಬಾಲನ್ಯಾಯ ಮಂಡಳಿ ಮೊದಲು ಹುಡುಗನ ಮನಸ್ಸಿನ ಸ್ಥಿತಿ ಪರಿಶೀಲಿಸಿದ ಮೇಲೆ. ಮೊಬೈಲ್ ಕಳ್ಳತನ ಅದರಲ್ಲಿ ಬರುವುದೇ ಇಲ್ಲ. ಇನ್ನು ಬೆತ್ತದ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಮಾಷ್ಟ್ರೇ ಹೊಡೆಯುವಂತಿಲ್ಲ, ದಾರಿಯಲ್ಲಿ ಹೋಗುವವರಿಗೆ ಆ ಅಧಿಕಾರ ಕೊಟ್ಟವರು ಯಾರು?

ಅತ್ತೆ: ಸ್ಟೇಷನ್ನಿಗೆ ಕೊಟ್ಟರೆ ಇನ್ನೂ ಜಾಸ್ತಿ ಪೆಟ್ಟು ಬೀಳುತ್ತದೆ ಅಂತ ಅಂಗಡಿಯವರೇ ಬುದ್ಧಿ ಕಲಿಸಿದ್ದಾರೋ ಏನೋ.

ನಾನು: ಮಕ್ಕಳನ್ನು ಲಾಕಪ್ಪಿಗೆ ಹಾಕುವಂತಿಲ್ಲ ಅತ್ತೆ. ಮನೆಯವರಿಗೆ ತಿಳಿಸಬೇಕು, 24 ಗಂಟೆಯೊಳಗೆ ಮಂಡಳಿಯ ಮುಂದೆ ಕರೆತರಬೇಕು. ಅಲ್ಲಿನ ಭಾಷೆ ಅರ್ಥ ಆಗದಿದ್ದರೆ ದುಭಾಷಿಯನ್ನು ಕೊಡಬೇಕು ಅಂತಲೂ ಉಂಟು. ಕಾಸರಗೋಡಿನ ನಮಗೆ ಇದನ್ನು ಬಿಡಿಸಿ ಹೇಳಬೇಕಾ? ಮಲಯಾಳದ ಫಾರ್ಮ್ ಕೈಗಿಟ್ಟು ಸಹಿ ಹಾಕಿ ಅಂದರೆ ನಮ್ಮಲ್ಲಿ ಎಷ್ಟೋ ದೊಡ್ಡವರೇ ತಡವರಿಸುತ್ತಾರೆ. ತುಳುವಿನಲ್ಲಿ ಅಳುತ್ತಿರುವ ಆ ಹುಡುಗ, ಸುತ್ತ ಅಷ್ಟು ಜನ ನಿಂತು ಕೂಗುವಾಗ, ತನ್ನ ಪರವಾಗಿ ಎಂತ ಹೇಳಿಯಾನು?

ಕುಂಬಳೆ ಚಿಕ್ಕಪ್ಪ: ಸರಿ, ತೆಗೆದೆ. ಆದರೆ ಅಂಗಡಿಯವನಿಗೆ ನ್ಯಾಯ ಬೇಡವಾ?

ನಾನು: ಖಂಡಿತ ಬೇಕು. ಮಂಡಳಿ ಹುಡುಗನಿಗೆ ಬುದ್ಧಿ ಹೇಳಿ ಮನೆಗೆ ಕಳಿಸಬಹುದು, ಸಮುದಾಯ ಸೇವೆ ಮಾಡಿಸಬಹುದು, ತಂದೆತಾಯಿಯಿಂದ ದಂಡ ಕಟ್ಟಿಸಬಹುದು. ಸುಮ್ನೆ ಬಿಟ್ಟುಬಿಡುವ ಕಾನೂನು ಅಲ್ಲ ಇದು. ನಿಮಗೆ ವಿಡಿಯೋ ಕಳಿಸಿದವರಿಗೂ ತೆಗೆಯಲು ಹೇಳಿ. ಹುಡುಗ ಇನ್ನೂ ಅಲ್ಲೇ ಇದ್ದರೆ 1098ಕ್ಕೆ ಫೋನ್ ಮಾಡಲಿ, ಅದು ಮಕ್ಕಳ ಸಹಾಯವಾಣಿ, ರಾತ್ರಿಯೂ ಸಿಗುತ್ತದೆ.

ಕುಂಬಳೆ ಚಿಕ್ಕಪ್ಪ: ವಿಡಿಯೋ ಮಧ್ಯಾಹ್ನದ್ದು. ಅವನನ್ನು ಬಿಟ್ಟರಾ ಇಲ್ಲವಾ ಗೊತ್ತಿಲ್ಲ. ಇರು, ಅಂಗಡಿಗೆ ಫೋನ್ ಮಾಡಿ ಕೇಳುತ್ತೇನೆ.